ಮೂರು ಸಲ ಕೇಳು, ಆಮೇಲೆ ಬೈ

ಆ ಕ್ಯಾಸೆಟ್ ಕೆಟ್ಟಿದೆ ಅಂತಲೇ ನಾನು ತಿಳಿದಿದ್ದೆ.

ಬಿ ಸೈಡಿನ ಎರಡನೇ ಹಾಡು ಶುರುವಾದ ಕೂಡಲೇ ಜುಯ್ಯ್ ಅಂತ ಒಂದು ಸದ್ದು. ಸ್ಪೀಕರಿನ ಒಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ. ಹಾಡು ಅಂದೆನಲ್ಲ, ಸರಿಯಾಗಿ ನೋಡಿದರೆ ಹಾಡೂ ಅಲ್ಲ ಅದು. ಮಳೆ ನಿಂತ ಮೇಲೆ ಸೂರಿನಿಂದ ಹನಿ ಬೀಳುತ್ತಲ್ಲ, ಆ ಥರ ಟಿಣ್ ಟಿಣ್ ಅಂತ ಪುಟ್ಟ ಪುಟ್ಟ ಸ್ವರಗಳು. ಒಂದರ ಮೇಲೊಂದು ಬೀಳುತ್ತಿವೆ. ಎಲ್ಲಿ ಶುರು, ಎಲ್ಲಿ ಕೊನೆ, ಗೊತ್ತಾಗುವುದಿಲ್ಲ. ಪ್ರತಿ ಹನಿಯ ಬೆನ್ನಿಗೂ ಆ ಜುಯ್ಯ್.

ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪ್ ರೆಕಾರ್ಡರಿನ ಹೆಡ್ ಒರೆಸಿದೆ. ಪಕ್ಕದ ರಬ್ಬರ್ ರೋಲರನ್ನೂ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತೇ ಹೊರತು ಸದ್ದು ಹೋಗಲಿಲ್ಲ. ಅಣ್ಣನ ಟೇಪ್ ರೆಕಾರ್ಡರಿಗೆ ಹಾಕಿ ನೋಡಿದೆ. ಅಲ್ಲೂ ಜುಯ್ಯ್. "ನನ್ನ ಸ್ಪೀಕರ್ ಹಾಳು ಮಾಡಬೇಡ, ತೆಗಿ" ಅಂತ ಅಣ್ಣ ಕ್ಯಾಸೆಟ್ ಕಿತ್ತು ಕೈಗೆ ಕೊಟ್ಟ.

ಮಾರನೇ ದಿನ ಕ್ಯಾಸೆಟ್ ಕೊಟ್ಟವನ ಹತ್ತಿರ ಹೋಗಿ ಜಗಳ ತೆಗೆದೆ. ಅವನು ಶಾಂತವಾಗಿ ಕೇಳಿದ, "ಎಷ್ಟು ಸಲ ಕೇಳಿದೆ?"

"ಎರಡು." ಅದೂ ಪೂರ್ತಿ ಸುಳ್ಳು. ಎರಡು ಸಲವೂ ಆ ಜುಯ್ಯ್ ಹತ್ತಿರ ನಿಲ್ಲಿಸಿಬಿಟ್ಟಿದ್ದೆ.

"ಇನ್ನೊಂದು ಸಲ ಕೇಳ್ಕೊಂಡು ಬಾ. ಆಮೇಲೆ ಬೈ."

ಅದು ನಮ್ಮ ಕಾಯಿದೆ. ಯಾರೇ ಕ್ಯಾಸೆಟ್ ಕೊಟ್ಟರೂ ಮೂರು ಸಲ ಪೂರ್ತಿ ಕೇಳಬೇಕು. ಅಲ್ಲಿವರೆಗೆ ಬಾಯಿ ಬಿಡುವಂತಿಲ್ಲ. ಹಾಡು ಯಾವುದು, ಹಾಡಿದವರು ಯಾರು ಅಂತ ಕೇಳುವಂತೆಯೂ ಇಲ್ಲ. ಒಳಗಿನ ಕಾರ್ಡಿನಲ್ಲಿ ಹೆಸರು ಬರೆಯುವ ಹಾಗಿಲ್ಲ. ನಂಬರ್ ಮಾತ್ರ.

ಮೂರನೇ ಸಲ ನಾನು ಹಟಕ್ಕೆ ಕೇಳಿದೆ. ಲೈಟ್ ಆರಿಸಿ, ಮಲಗಿಕೊಂಡು, ಬಯ್ಯಲು ಮಾತು ಹುಡುಕುತ್ತಾ. ಆ ಟಿಣ್ ಟಿಣ್ ಶುರುವಾಯಿತು. ಅರ್ಧ ದಾರಿಗೆ ಬಂದಾಗ ಒಂದು ವಿಷಯ ಗೊತ್ತಾಯಿತು. ಜುಯ್ಯ್ ಸದ್ದು ಎಲ್ಲಾ ಕಡೆ ಒಂದೇ ಥರ ಇಲ್ಲ. ಸ್ವರ ಜೋರಾದಾಗ ಜಾಸ್ತಿ, ಮೆಲ್ಲಗಾದಾಗ ಕಡಿಮೆ. ಕೆಟ್ಟ ಟೇಪ್ ಹೀಗೆ ತಾಳಕ್ಕೆ ಸರಿಯಾಗಿ ಕೆಡುವುದಿಲ್ಲ. ಯಾರೋ ಬೇಕಂತಲೇ ಮಾಡುತ್ತಿದ್ದಾರೆ!

ಅದು ಜಿಂಬಾಬ್ವೆಯ ಶೋನಾ ಜನರ ವಾದ್ಯ, ಎಂಬಿರಾ. ಮರದ ಹಲಗೆಯ ಮೇಲೆ ಕಬ್ಬಿಣದ ಪಟ್ಟಿಗಳನ್ನು ಸಾಲಾಗಿ ಬಿಗಿದಿರುತ್ತಾರೆ, ದೊಡ್ಡದರಲ್ಲಿ ಇಪ್ಪತ್ತಕ್ಕೂ ಹೆಚ್ಚು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೀಟುತ್ತಾರೆ. ಸದ್ದು ದೊಡ್ಡದಾಗಲಿ ಅಂತ ಸೋರೆ ಬುರುಡೆಯ ಒಳಗಿಟ್ಟು ನುಡಿಸುತ್ತಾರೆ. ಹಲಗೆಗೂ ಬುರುಡೆಗೂ ಚಿಪ್ಪುಗಳನ್ನೋ ಬಾಟಲಿ ಮುಚ್ಚಳಗಳನ್ನೋ ಕಟ್ಟಿರುತ್ತಾರೆ. ಜುಯ್ಯ್ ಅನ್ನುವುದು ಅವೇ. ಆ ಗುಂಯ್‌ಗುಡುವಿಕೆ ಇಲ್ಲದಿದ್ದರೆ ಅವರಿಗೆ ವಾದ್ಯ ಬೆತ್ತಲೆ ಅನ್ನಿಸುತ್ತದಂತೆ. ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ಯಾಕೆಂದರೆ ತಂಬೂರಿಯ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು ಝೇಂಕಾರ ಬರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದು ಕೆಟ್ಟ ಸದ್ದು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಅದೇ ಕ್ಯಾಸೆಟ್ಟಿಗೆ ನಾನು ಇನ್ನೊಂದು ಅನ್ಯಾಯವನ್ನೂ ಮಾಡಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ನಾವು ಮೂವರಿದ್ದೆವು. ಹೆಸರು ಬೇಡ. ಎಂಬಿರಾ ಕೊಟ್ಟವನನ್ನು ಪೆನ್ಸಿಲ್ ಅಂತ ಕರೆಯೋಣ. ಅವನ ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್ ಇರುತ್ತಿತ್ತು, ಬಡಗಿಗಳಿಗೆ ಇರುತ್ತಲ್ಲ ಹಾಗೆ. ಬರೆಯಲು ಅಲ್ಲ, ಕ್ಯಾಸೆಟ್ ಸುತ್ತಲು. ಆರು ಮೂಲೆಯ ಪೆನ್ಸಿಲ್ ಕ್ಯಾಸೆಟ್ ಗಾಲಿಯ ಆರು ಹಲ್ಲುಗಳ ನಡುವೆ ಗಟ್ಟಿಯಾಗಿ ಕೂರುತ್ತದೆ. ಬ್ಯಾಟರಿ ಉಳಿಸಲು ಅವನು ಪೂರ್ತಿ ಒಂದು ಸೈಡನ್ನು ಕೈಯಲ್ಲೇ ಗಿರಗಿರ ತಿರುಗಿಸುತ್ತಿದ್ದ, ಮಾತಾಡುತ್ತಲೇ. ಇನ್ನೊಬ್ಬಳು ಗಡಿಯಾರ. ಯಾಕೆ ಆ ಹೆಸರು ಅಂತ ಮುಂದೆ ಗೊತ್ತಾಗುತ್ತದೆ.

ನಾವೇ ಹಾಡು ಆರಿಸಿ, ತುಂಬಿ, ಒಬ್ಬರಿಗೊಬ್ಬರು ಕೊಡುತ್ತಿದ್ದ ಇಂಥ ಕ್ಯಾಸೆಟ್ಟಿಗೆ ಮಿಕ್ಸ್‌ಟೇಪ್ ಅನ್ನುತ್ತಾರೆ ಅಂತ ನಮಗೆ ಗೊತ್ತಿರಲಿಲ್ಲ. "ನನ್ನ ಕ್ಯಾಸೆಟ್ ಆಯ್ತಾ?" ಅಂತ ಕೇಳುತ್ತಿದ್ದೆವು, ಅಷ್ಟೇ. ತೊಂಬತ್ತರ ದಶಕ. ಕೈಯಲ್ಲಿ ದುಡ್ಡಿಲ್ಲ, ಆದರೆ ಮೂವರಿಗೂ ಬೇರೆ ಬೇರೆ ಕಡೆಯಿಂದ ಸಂಗೀತ ಬರುತ್ತಿತ್ತು. ಪೆನ್ಸಿಲ್‌ನ ಮಾವ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಹೋದ ಬಂದರಿನಿಂದೆಲ್ಲ ಒಂದೊಂದು ಕ್ಯಾಸೆಟ್ ತರುತ್ತಿದ್ದರು. ಗಡಿಯಾರಳಿಗೆ ರಾತ್ರಿ, ದೂರದೇಶದ ಸ್ಟೇಷನ್ ಹಿಡಿಯುವ ಶಾರ್ಟ್‌ವೇವ್ ರೇಡಿಯೋ ತಿರುಗಿಸುವ ಹುಚ್ಚು. ನನ್ನ ಪಾಲಿಗೆ ಅಪ್ಪನ ಹಳೇ ಎಲ್‌ಪಿ ರೆಕಾರ್ಡುಗಳು. ಯಾರ ಹತ್ತಿರ ಏನಿದೆ ಅಂತ ಇನ್ನಿಬ್ಬರಿಗೆ ಗೊತ್ತಿಲ್ಲ. ಆಟ ನಡೆದದ್ದೇ ಅದರಿಂದ.

ಕ್ಯಾಸೆಟ್ ತುಂಬುವುದು ಒಂದು ಭಾನುವಾರದ ಪೂರ್ತಿ ಕೆಲಸ. ಈಗಿನವರಿಗೆ ಇದು ನಗು ಬರಿಸಬಹುದು. 90 ನಿಮಿಷದ ಕ್ಯಾಸೆಟ್ ತುಂಬಲು ಕಡಿಮೆ ಅಂದರೂ 90 ನಿಮಿಷ ಬೇಕೇ ಬೇಕು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಅದಕ್ಕಿಂತ ಬೇಗ ಓಡು ಅಂದರೆ ಕೇಳುವುದಿಲ್ಲ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಬೇಗ ನಕಲು ಮಾಡುವ, ಹೈ ಸ್ಪೀಡ್ ಡಬ್ಬಿಂಗ್ ಇರುವ ಡಬಲ್ ಡೆಕ್ ಕೆಲವರ ಹತ್ತಿರ ಇತ್ತು, ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಬೇರೆಯವರಿಗೆ ಕೊಡುವ ಹಾಡನ್ನು ಮೊದಲು ನಾವೇ ಕೂತು ಪೂರ್ತಿ ಕೇಳಬೇಕಿತ್ತು. ಕೇಳುವಾಗ "ಇದು ಅವಳಿಗೆ ಹಿಡಿಸುತ್ತಾ?" ಅನ್ನುವ ಪ್ರಶ್ನೆ ತಲೆಯಲ್ಲಿ ತಿರುಗುತ್ತಾ ಇರುತ್ತಿತ್ತು. ನೂರು ಸಲ ಕೇಳಿದ ಹಾಡು ಕೂಡ ಇನ್ನೊಬ್ಬರ ಕಿವಿಯಲ್ಲಿ ಕೇಳಿದಾಗ ಬೇರೆ ಥರ ಕಾಣುತ್ತದೆ. ಕೆಲವು ಸಲ ನಡುವೆಯೇ ಅಳಿಸಿಬಿಡುತ್ತಿದ್ದೆ. ನನಗೆ ಇಷ್ಟ, ಆದರೆ ಅವಳಿಗೆ ಅಲ್ಲ.

ಗಡಿಯಾರ ಈ ಕೆಲಸಕ್ಕೆ ಹಾಳೆ ಮತ್ತು ಸೆಕೆಂಡ್ ಮುಳ್ಳಿನ ವಾಚು ಹಿಡಿದು ಕೂರುತ್ತಿದ್ದಳು. ಪ್ರತಿ ಹಾಡಿನ ಉದ್ದ ಬರೆದುಕೊಂಡು ಕೂಡುತ್ತಿದ್ದಳು. ಒಂದು ಸೈಡಿಗೆ 45 ನಿಮಿಷ. ಕಂಪನಿಯವರು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಟೇಪನ್ನೇ ಸುತ್ತಿರುತ್ತಾರೆ. ಒಂದು ನಿಮಿಷವೋ ಒಂದೂವರೆಯೋ ಹೆಚ್ಚಿಗೆ ಸಿಗುತ್ತದೆ. ಆ ಹೆಚ್ಚಿನ ನಿಮಿಷ ಯಾವ ಕಂಪನಿಯದರಲ್ಲಿ ಎಷ್ಟು ಅಂತ ಅವಳಿಗೆ ಬಾಯಿಪಾಠ. ಶುರುವಿನಲ್ಲಿ ನಾಲ್ಕೈದು ಸೆಕೆಂಡು ಬರಿಯ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಅದರ ಮೇಲೆ ಏನೂ ರೆಕಾರ್ಡ್ ಆಗುವುದಿಲ್ಲ. ನಾನು ಅದನ್ನು ಮರೆತು ಎಷ್ಟೋ ಹಾಡುಗಳ ತಲೆ ಕತ್ತರಿಸಿದ್ದೇನೆ. ಅವಳು ಒಂದು ಸಲವೂ ಕತ್ತರಿಸಲಿಲ್ಲ. ಅವಳ ಕ್ಯಾಸೆಟ್ಟಿನಲ್ಲಿ ಕೊನೆಯ ಹಾಡಿನ ಕೊನೆಯ ಸ್ವರ ಮುಗಿಯಬೇಕು, ಟಕ್ ಅಂತ ಪ್ಲೇ ಬಟನ್ ಮೇಲೆ ಬರಬೇಕು. ನಡುವೆ ಉಸಿರಾಡುವಷ್ಟೂ ಜಾಗ ಇರುತ್ತಿರಲಿಲ್ಲ.

120 ನಿಮಿಷದ ಕ್ಯಾಸೆಟ್ಟನ್ನು ಮಾತ್ರ ಮೂವರೂ ಮುಟ್ಟುತ್ತಿರಲಿಲ್ಲ. ಅದೇ ಡಬ್ಬಿಯೊಳಗೆ ಅಷ್ಟು ಉದ್ದದ ಟೇಪು ಹಿಡಿಯಬೇಕಾದರೆ ಟೇಪು ತೆಳ್ಳಗಿರಲೇಬೇಕು. ತೆಳ್ಳಗಿದ್ದರೆ ಎಳೆದುಕೊಳ್ಳುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ದುರಾಸೆ ಮಾಡಿದರೆ ಟೇಪ್ ರೆಕಾರ್ಡರಿನ ಹೊಟ್ಟೆಯಿಂದ ಕಂದು ಬಣ್ಣದ ಕರುಳು ಎಳೆಯುತ್ತಾ ಕೂರಬೇಕಾಗುತ್ತದೆ.

ಈ ಡಬ್ಬಿಯ ಕಥೆಯೂ ಚೆನ್ನಾಗಿದೆ. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜನರ ಮುಂದೆ ಇಟ್ಟದ್ದು 1963ರಲ್ಲಿ, ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ. ಮಾಡಿದ ತಂಡಕ್ಕೆ ಲೂ ಒಟೆನ್ಸ್ ಮುಖ್ಯಸ್ಥರು. ಕೋಟಿನ ಜೇಬಿಗೆ ಹಿಡಿಯುವ ಯಂತ್ರ ಬೇಕು ಅಂತ ಅವರು ಒಂದು ಮರದ ತುಂಡು ಕಡಿದು ಜೇಬಿಗೆ ಹಾಕಿ ಅಳತೆ ನೋಡಿದ್ದರಂತೆ. ಮುಂದೊಂದು ದಿನ ಕಾರಿನ ಟಯರ್ ಪಂಕ್ಚರ್ ಆಗಿ, ಜ್ಯಾಕಿನ ಕೆಳಗೆ ಅದೇ ತುಂಡನ್ನು ಇಟ್ಟು, ಅಲ್ಲೇ ಬಿಟ್ಟು ಬಂದರಂತೆ. ಒಟೆನ್ಸ್ 2021ರಲ್ಲಿ, ತಮ್ಮ 94ನೇ ವಯಸ್ಸಿನಲ್ಲಿ ತೀರಿಕೊಂಡರು. ಸುದ್ದಿ ಓದಿದ ದಿನ ನಾವು ಮೂವರೂ ಒಬ್ಬರಿಗೊಬ್ಬರು ಫೋನ್ ಮಾಡಿದೆವು. ಸಂಬಂಧಿಕರು ಹೋದ ಹಾಗೆ.

ನಮ್ಮ ಹತ್ತಿರ ಒಂದೇ ಒಂದು ವಾಕ್‌ಮನ್ ಇತ್ತು. ನಿಜವಾದ ವಾಕ್‌ಮನ್ ಅಲ್ಲ, ಅದರ ನಕಲು. ಸೋನಿಯ ಮೊದಲನೇ ವಾಕ್‌ಮನ್ 1979ರಲ್ಲಿ ಬಂತು. ಅದರಲ್ಲಿ ಎರಡು ಹೆಡ್‌ಫೋನ್ ಚುಚ್ಚಲು ಎರಡು ತೂತು ಇದ್ದವು. ಕಿತ್ತಳೆ ಬಣ್ಣದ ಒಂದು ಬಟನ್ ಒತ್ತಿದರೆ ಸಂಗೀತ ಮೆಲ್ಲಗಾಗಿ ಇಬ್ಬರೂ ಮಾತಾಡಿಕೊಳ್ಳಬಹುದಿತ್ತು. ಎಷ್ಟು ಒಳ್ಳೇ ಯೋಚನೆ ಅಲ್ವಾ? ನಮ್ಮದಕ್ಕೆ ಒಂದೇ ತೂತು. ಆದ್ದರಿಂದ ಸ್ಪಂಜಿನ ಒಂದು ಕಿವಿ ನನಗೆ, ಇನ್ನೊಂದು ಗಡಿಯಾರಳಿಗೆ. ಯಾವಾಗಲೂ ಅವಳು ಎಡಕ್ಕೆ, ನಾನು ಬಲಕ್ಕೆ.

ಇದರಿಂದ ಏನಾಯಿತು ಗೊತ್ತಾ? ಅಪ್ಪನ ಹಳೇ ಎಲ್‌ಪಿಗಳಲ್ಲಿ ಕೆಲವು ಸ್ಟೀರಿಯೋ ಶುರುವಾದ ಕಾಲದವು. ಆಗಿನವರು ಹಾಡುವವರನ್ನು ಒಂದು ಕಡೆ, ವಾದ್ಯಗಳನ್ನು ಇನ್ನೊಂದು ಕಡೆ ಪೂರ್ತಿ ತಳ್ಳಿಬಿಡುತ್ತಿದ್ದರು. ಹಾಗಾಗಿ ಒಂದು ಹಾಡನ್ನು ನಾನು ಎರಡು ವರ್ಷ ಬರೀ ದನಿಯಾಗಿ ಕೇಳಿದ್ದೆ. ಅವಳು ಬರೀ ಗಿಟಾರ್ ಮತ್ತು ಡ್ರಮ್ಮಾಗಿ ಕೇಳಿದ್ದಳು. ಒಂದು ಸಂಜೆ ನಾನು ಅದನ್ನು ಗುನುಗಿದೆ. ಅವಳು "ಇದು ಯಾವ ಹಾಡು?" ಅಂದಳು. "ನಾವಿಬ್ಬರೂ ದಿನಾ ಕೇಳೋದು ಕಣೇ!" ಅವಳು ನಂಬಲಿಲ್ಲ. ಅವಳ ಪ್ರಕಾರ ಅದರಲ್ಲಿ ಯಾರೂ ಹಾಡುವುದೇ ಇಲ್ಲ. ಆವತ್ತು ಕಿವಿ ಅದಲು ಬದಲು ಮಾಡಿಕೊಂಡೆವು. ಹಳೇ ಹಾಡಿನಲ್ಲೇ ಇನ್ನೊಂದು ಹೊಸ ಹಾಡು ಸಿಕ್ಕಿತು.

ಕ್ಯಾಸೆಟ್ಟಿನ ಕೆಲವು ಭೂತಚೇಷ್ಟೆಗಳನ್ನೂ ಹೇಳಬೇಕು. ಹಾಡು ಶುರುವಾಗುವ ಎರಡು ಮೂರು ಸೆಕೆಂಡು ಮೊದಲೇ ಅದೇ ಹಾಡು ತುಂಬಾ ಮೆಲ್ಲಗೆ, ದೂರದಲ್ಲೆಲ್ಲೋ ಕೇಳಿಸುತ್ತಿತ್ತು. ನಾನು ಹೆದರಿದ್ದೆ. ಕಾರಣ ಸಾದಾ. ಟೇಪು ಸುತ್ತಿಕೊಂಡು ಕೂತಿರುವಾಗ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೂ ಸ್ವಲ್ಪ ಅಂಟಿಕೊಳ್ಳುತ್ತದೆ. ತುಂಬಾ ದಿನ ಮುಟ್ಟದೆ ಇಟ್ಟರೆ ಜಾಸ್ತಿ. ಆಮೇಲೆ ಡಾಲ್ಬಿ, ಅಂದರೆ ಟೇಪಿನ ಸುಯ್ಯ್ ಸದ್ದು ತಗ್ಗಿಸುವ ಏರ್ಪಾಡು. ಪೆನ್ಸಿಲ್‌ನ ಮಾವನ ಟೇಪ್ ಡೆಕ್ಕಿನಲ್ಲಿ ಡಾಲ್ಬಿ ಹಾಕದೆ ರೆಕಾರ್ಡ್ ಮಾಡಿದ್ದನ್ನು ಅಣ್ಣನ ಯಂತ್ರದಲ್ಲಿ ಡಾಲ್ಬಿ ಹಾಕಿ ಕೇಳಿದೆ. ಹಾಡುವವನಿಗೆ ನೆಗಡಿ ಅಂತ ಒಂದು ತಿಂಗಳು ನಂಬಿದ್ದೆ. ನಕಲಿನ ನಕಲು ಮಾಡಿದಷ್ಟೂ ಸುಯ್ಯ್ ಜಾಸ್ತಿಯಾಗುತ್ತದಲ್ಲ, ಅದರಿಂದಲೇ ಹಾಡಿನ ವಂಶಾವಳಿ ಹೇಳಬಹುದಿತ್ತು. ಮಗನೋ, ಮೊಮ್ಮಗನೋ, ಮರಿಮೊಮ್ಮಗನೋ. ನಾಲ್ಕನೇ ತಲೆಮಾರಿನಲ್ಲಿ ಗಾಯಕಿ ಮಳೆಯ ಆಚೆ ನಿಂತು ಹಾಡುತ್ತಿದ್ದಳು.

ಹಾಗೆ ಮಳೆಯ ಆಚೆಯಿಂದ ಬಂದದ್ದು ಫಾಡೋ. ಪೋರ್ಚುಗಲ್ಲಿನ ಹಾಡುಗಾರಿಕೆ. ಗಡಿಯಾರ ಶಾರ್ಟ್‌ವೇವಿನಲ್ಲಿ ಹಿಡಿದದ್ದು. ಒಂದು ದನಿ, ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು, ಕೆಳಗೆ ಇನ್ನೊಂದು ಮಾಮೂಲಿ ಗಿಟಾರು. ಅಲೆ ಅಲೆಯಾಗಿ ಸಿಗ್ನಲ್ ಬಂದು ಹೋಗುತ್ತದೆ. ಭಾಷೆ ಗೊತ್ತಿಲ್ಲ, ಹಾಡಿನ ಹೆಸರು ಗೊತ್ತಿಲ್ಲ. ನನಗೆ ಅದರಲ್ಲಿ ಒಂದು ಸಾಲು "ಬಾಗಿಲು ಹಾಕಿ ಬಾ" ಅಂತ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಪೆನ್ಸಿಲ್‌ಗೆ "ಬಾಡಿಗೆ ಯಾರಪ್ಪಾ" ಅಂತ. ಇಬ್ಬರೂ ಅದರ ಮೇಲೆ ಉಳಿದ ಸಾಲುಗಳನ್ನು ಕಟ್ಟಿಕೊಂಡೆವು. ನನ್ನದು ಮನೆಬಿಟ್ಟು ಹೋಗುವವಳ ಹಾಡು, ಅವನದು ಮನೆ ಖಾಲಿ ಮಾಡಿಸುವವರ ಹಾಡು. ತಮಾಷೆ ಅಂದರೆ, ರಾಗ ಎರಡಕ್ಕೂ ಒಪ್ಪುತ್ತಿತ್ತು. 2011ರಲ್ಲಿ ಯುನೆಸ್ಕೋ ಫಾಡೋವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು ಅಂತ ಓದಿದಾಗ ನನ್ನ ಬಾಯಲ್ಲಿ ಬಂದದ್ದು "ಬಾಗಿಲು ಹಾಕಿ ಬಾ".

ಈಗ ನನ್ನ ಶೋಕಿ ಕ್ಯಾಸೆಟ್ಟಿನ ಕಥೆ. ಒಂದು ಸಲ ಯಾರೋ ದೊಡ್ಡವರ ಸಂಗ್ರಹದಿಂದ ಒಂದಿಷ್ಟು ಜಾಝ್ ಸಿಕ್ಕಿತು. ಕಷ್ಟದ ಜಾಝ್. ನನಗೂ ಅರ್ಥವಾಗದ್ದು. ಅದನ್ನೇ ಎ ಸೈಡ್ ಪೂರ್ತಿ ತುಂಬಿ ಗಡಿಯಾರಳಿಗೆ ಕೊಟ್ಟೆ. ಹನ್ನೊಂದು ನಿಮಿಷದ ಒಂದು ಡ್ರಮ್ ಸೋಲೋ ಕೂಡ ಇತ್ತು. ಅವಳು ಕಾಯಿದೆ ಪ್ರಕಾರ ಮೂರು ಸಲ ಕೇಳಿ ಬಂದಳು. "ಇದನ್ನ ನೀನು ಎಷ್ಟು ಸಲ ಕೇಳಿದೀಯ?" ಅಂದಳು. ಒಂದೇ ಸಲ, ರೆಕಾರ್ಡ್ ಮಾಡುವಾಗ, ಅದೂ ನಡುವೆ ಪುಸ್ತಕ ಓದುತ್ತಾ. ನಾನು ಸುಮ್ಮನೆ ನಿಂತೆ. "ಇದು ನನಗೆ ಮಾಡಿದ್ದಲ್ಲ ಬಿಡು" ಅಂತ ಕ್ಯಾಸೆಟ್ ವಾಪಸ್ ಕೊಟ್ಟಳು. ಅಷ್ಟು ಹಿತವಾಗಿ ಯಾರೂ ನನಗೆ ಕೆನ್ನೆಗೆ ಬಾರಿಸಿಲ್ಲ.

ಆಮೇಲೆ ಅವಳಿಂದಲೇ ಕಲಿತೆ. ಅವಳು ಮೊದಲು ನನಗೆ ಗೊತ್ತಿರುವಂಥದ್ದೇ ಒಂದನ್ನು ಇಡುತ್ತಿದ್ದಳು. ಕುರ್ಚಿ ಹಾಕಿ ಕೂರಿಸಿದ ಹಾಗೆ. ಆಮೇಲಿನದು ಅದೇ ತಾಳ, ಬೇರೆ ವಾದ್ಯ. ಅದರ ಮುಂದಿನದು ಅದೇ ವಾದ್ಯ, ಬೇರೆ ದೇಶ. ಹೀಗೆ ಕೈ ಹಿಡಿದು ನಡೆಸಿ, ಎ ಸೈಡಿನ ಕೊನೆಗೆ ನಾನು ಎಲ್ಲೋ ಗೊತ್ತಿಲ್ಲದ ಕಡೆ ನಿಂತಿರುತ್ತಿದ್ದೆ. ಅಲ್ಲಿ ಟಕ್. ಎದ್ದು ಹೋಗಿ ಕ್ಯಾಸೆಟ್ ತಿರುಗಿಸಿ ಹಾಕಬೇಕು. ಆ ಎದ್ದು ಹೋಗುವ ಅರ್ಧ ನಿಮಿಷ ಅವಳ ಲೆಕ್ಕದಲ್ಲಿ ಇರುತ್ತಿತ್ತು. ಬಿ ಸೈಡ್ ಯಾವಾಗಲೂ ಮೆಲ್ಲಗೆ ಶುರುವಾಗುತ್ತಿತ್ತು.

ಇದೆಲ್ಲ ಕಳ್ಳತನ ಅಲ್ಲವಾ ಅಂತ ಕೇಳುವವರಿಗೆ: ಹೌದು, ಆ ಮಾತು ಆಗಲೂ ಇತ್ತು. 1980ರ ದಶಕದ ಶುರುವಿನಲ್ಲಿ ಬ್ರಿಟನ್ನಿನ ರೆಕಾರ್ಡ್ ಕಂಪನಿಗಳ ಸಂಘ "ಮನೆಯಲ್ಲಿ ಟೇಪ್ ಮಾಡುವುದು ಸಂಗೀತವನ್ನು ಕೊಲ್ಲುತ್ತಿದೆ" ಅಂತ ಪ್ರಚಾರವನ್ನೇ ಮಾಡಿತ್ತು. ಅದರ ಗುರುತು ಕ್ಯಾಸೆಟ್ ಆಕಾರದ ತಲೆಬುರುಡೆ, ಕೆಳಗೆ ಎರಡು ಮೂಳೆ. ಕಡಲ್ಗಳ್ಳರ ಬಾವುಟದ ಹಾಗೆ. ನನ್ನ ಲೆಕ್ಕ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೇಲೆ ನಾನು ದುಡ್ಡು ಕೊಟ್ಟು ಕೊಂಡ ಸಂಗೀತದಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಇಬ್ಬರ ಕ್ಯಾಸೆಟ್ಟುಗಳಿಂದ ಪರಿಚಯವಾದದ್ದು. ಇದು ವಾದ ಅಲ್ಲ, ನನ್ನ ಕಪಾಟಿನ ಸ್ಥಿತಿ ಅಷ್ಟೇ.

ಸಿಡಿ ಬಂತು. ಬರೆಯುವ ಸಿಡಿಯಲ್ಲಿ 74 ನಿಮಿಷ, ಆಮೇಲೆ 80. ಸೈಡ್ ಇಲ್ಲ, ಎದ್ದು ತಿರುಗಿಸುವುದಿಲ್ಲ, ಮುಂದಿನ ಹಾಡಿಗೆ ಹಾರುವ ಬಟನ್ ಇದೆ. ಮೂವರೂ ಬೇರೆ ಬೇರೆ ಊರಿಗೆ ಹೋದೆವು. ಆಮೇಲೆ ಎಂಪಿ3. ಪೆನ್ಸಿಲ್ ಒಮ್ಮೆ ನೂರಾರು ಹಾಡುಗಳ ಒಂದು ಡಿವಿಡಿ ಕಳಿಸಿದ. ಇಲ್ಲಿಯವರೆಗೂ ಅದನ್ನು ಪೂರ್ತಿ ಕೇಳಿಲ್ಲ. ಮೂರು ಸಲದ ಮಾತು ಹಾಗಿರಲಿ.

ಎರಡು ವರ್ಷದ ಹಿಂದೆ ಅವನೇ ಮತ್ತೆ ಶುರು ಮಾಡಿದ. ತಿಂಗಳಿಗೆ ಒಬ್ಬರ ಸರದಿ. ಹಾಡುಗಳನ್ನೆಲ್ಲ ಹೊಲಿದು 45 ನಿಮಿಷದ ಎರಡೇ ಫೈಲು ಮಾಡಿ ಕಳಿಸಬೇಕು. ಹೆಸರು ಇರಬಾರದು. ಒಂದೇ ಫೈಲ್ ಆದ್ದರಿಂದ ಮುಂದಿನ ಹಾಡಿಗೆ ಹಾರಲು ಆಗುವುದಿಲ್ಲ. ಎಳೆದು ನೋಡಬಹುದು, ಆದರೆ ಎಲ್ಲಿ ಬಿದ್ದೆ ಅಂತ ಗೊತ್ತಾಗುವುದಿಲ್ಲ. ಹಾಡಿನ ಹೆಸರು ಹುಡುಕಿ ಕೊಡುವ ಆ್ಯಪ್ ಬಳಸಿದರೆ ಒಂದು ಸರದಿ ಕಟ್. ಗಡಿಯಾರ ಎರಡು ಸಲ ಸಿಕ್ಕಿಬಿದ್ದಿದ್ದಾಳೆ.

ಈಗ ನಾಲ್ಕನೆಯವಳು ಸೇರಿದ್ದಾಳೆ, ಪೆನ್ಸಿಲ್‌ನ ಮಗಳು. ಹತ್ತೊಂಬತ್ತು ವರ್ಷ. "ಮೂರು ಸಲ ಯಾಕೆ ಆಂಟಿ? ಇಷ್ಟ ಆಗಲ್ಲ ಅಂತ ಹತ್ತು ಸೆಕೆಂಡಲ್ಲೇ ಗೊತ್ತಾಗುತ್ತಲ್ವಾ?" ಅಂತ ಕೇಳಿದಳು. ಅವಳ ಮೊದಲ ಸರದಿಯ ಫೈಲ್ ಹಾಕಿದಾಗ ಬೇಸ್ ಸದ್ದು ಹರಿದುಹೋಗುತ್ತಿತ್ತು. ಪರಪರ ಅಂತ, ಗೋಣಿ ಹರಿದ ಹಾಗೆ. ಫೋನಿನ ಸ್ಪೀಕರ್ ಹೋಯಿತು ಅಂದುಕೊಂಡೆ. ಹೆಡ್‌ಫೋನ್ ಹಾಕಿದೆ. ಅಲ್ಲೂ ಪರಪರ. ಆಮೇಲೆ ನಗು ಬಂತು. ಬುದ್ಧಿ ಬರುವುದು ಎಷ್ಟು ನಿಧಾನ ನೋಡಿ!

ಮೂರು ಸಲ ಕೇಳಿ ಅವಳಿಗೆ ಫೋನ್ ಮಾಡಿದೆ. ಈ ಹರಿದ ಸದ್ದು ಹೇಗೆ ಶುರುವಾಯಿತು ಅಂತ ಅವಳೇ ಹೇಳಿದಳು. 1960ರ ದಶಕದ ಹೊಸ್ತಿಲಲ್ಲಿ ಅಮೆರಿಕದ ನ್ಯಾಶ್‌ವಿಲ್ಲಿನ ಒಂದು ರೆಕಾರ್ಡಿಂಗಿನಲ್ಲಿ, ಸದ್ದುಗಳನ್ನು ಬೆರೆಸುವ ಮಿಕ್ಸರಿನ ಚಾನೆಲ್ ಒಂದು ಕೆಟ್ಟು, ಬೇಸ್ ಗಿಟಾರಿನ ಸದ್ದು ಹರಿದು ಬಂತಂತೆ. ತೆಗೆದುಹಾಕುವ ಬದಲು ಹಾಗೇ ಉಳಿಸಿಕೊಂಡರು. ಜನಕ್ಕೆ ಅದು ಹಿಡಿಸಿತು. ಗ್ಲೆನ್ ಸ್ನಾಡಿ ಅನ್ನುವ ಎಂಜಿನಿಯರ್ ಅದೇ ಹರಿದ ಸದ್ದು ಬರಿಸುವ ಪೆಟ್ಟಿಗೆ ಕಟ್ಟಿದರು. 1962ರಲ್ಲಿ ಅದು ಕಾಲಲ್ಲಿ ಒತ್ತುವ ಪೆಡಲ್ ಆಗಿ ಮಾರಾಟಕ್ಕೆ ಬಂತು. "ಅಂದ್ರೆ ಕೆಟ್ಟಿದ್ದನ್ನೇ ದುಡ್ಡು ಕೊಟ್ಟು ತಗೊಂಡ್ರು ಆಂಟಿ" ಅಂದಳು. ನಾನು ಅವಳಿಗೆ ಎಂಬಿರಾ ಕಥೆ ಹೇಳಿದೆ. ಅವಳು ಗಡಿಯಾರ ಕಳಿಸಿದ್ದ ಬಾಲಿ ದ್ವೀಪದ ಗಮೆಲಾನ್ ವಾದ್ಯಮೇಳವನ್ನು ನೆನಪಿಸಿದಳು. ಅಲ್ಲಿ ವಾದ್ಯಗಳು ಜೋಡಿ ಜೋಡಿ. ಒಂದನ್ನು ಇನ್ನೊಂದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲಕ್ಕೆ ಶ್ರುತಿ ಮಾಡುತ್ತಾರೆ, ಬೇಕಂತಲೇ. ಎರಡೂ ಒಟ್ಟಿಗೆ ನುಡಿದಾಗ ಸ್ವರ ಅಲೆಯ ಹಾಗೆ ನಡುಗುತ್ತದೆ. ಆ ನಡುಕಕ್ಕೆ ಅವರ ಹೆಸರೇ ಓಂಬಾಕ್, ಅಂದರೆ ಅಲೆ. ಅದನ್ನೂ ನಾನು ಮೊದಲ ಸಲ ಕೇಳಿದಾಗ "ಶ್ರುತಿ ಸೇರಿಲ್ಲ" ಅಂದಿದ್ದೆ.

ಒಬ್ಬಳೇ ಹುಡುಕಿಕೊಂಡಿದ್ದರೆ ಇವುಗಳಲ್ಲಿ ಒಂದನ್ನೂ ನಾನು ಎರಡನೇ ಸಲ ಕೇಳುತ್ತಿರಲಿಲ್ಲ. ಆ ಹುಡುಗಿ ಹೇಳಿದ್ದು ನಿಜ, ಇಷ್ಟವಿಲ್ಲ ಅಂತ ಹತ್ತು ಸೆಕೆಂಡಿಗೇ ಗೊತ್ತಾಗಿತ್ತು. ಕೇಳಿದ್ದು ಸಂಗೀತಕ್ಕಾಗಿ ಅಲ್ಲ. ಕೊಟ್ಟವರು ಮಾರನೇ ದಿನ ಎದುರಿಗೆ ಸಿಗುತ್ತಾರಲ್ಲ, ಅದಕ್ಕೆ.

ಸರಿ, ಆ ಇನ್ನೊಂದು ಅನ್ಯಾಯ.

ಎಂಬಿರಾ ಕ್ಯಾಸೆಟ್ಟನ್ನು ಕೆಟ್ಟದ್ದು ಅಂತ ತೀರ್ಮಾನಿಸಿದ ಆ ರಾತ್ರಿಯೇ ರೇಡಿಯೋದಲ್ಲಿ ನನಗೆ ತುಂಬಾ ಬೇಕಾಗಿದ್ದ ಒಂದು ಹಾಡು ಬಂತು. ಕೈಗೆ ಖಾಲಿ ಕ್ಯಾಸೆಟ್ ಸಿಗಲಿಲ್ಲ. ಹೇಗೂ ಕೆಟ್ಟಿದೆ ಅಂತ ಅದನ್ನೇ ತುರುಕಿ, ಬಿ ಸೈಡಿನ ಕೊನೆಗೆ ಓಡಿಸಿದೆ. ಒಂದು ಕ್ಷಣ ಕೇಳಿ ನೋಡಿದೆ, ಮೌನ. ಖಾಲಿ ಇದೆ ಅಂತ ರೆಕಾರ್ಡ್ ಒತ್ತಿದೆ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತವೆ. ಮುರಿದುಬಿಟ್ಟರೆ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ. ಪೆನ್ಸಿಲ್ ಅವನ್ನು ಮುರಿದಿರಲಿಲ್ಲ. ನಾವು ಯಾರೂ ಒಬ್ಬರದನ್ನೊಬ್ಬರು ಅಳಿಸುತ್ತಿರಲಿಲ್ಲವಲ್ಲ, ಅದಕ್ಕೆ.

ಮೂರನೇ ಸಲ ಕೇಳುತ್ತಾ ಕೊನೆಗೆ ಬಂದಾಗ ಗೊತ್ತಾಯಿತು. ಅವನ ಕೊನೆಯ ಹಾಡು ಮುಗಿದು ಸುಮಾರು ಹೊತ್ತು ಮೌನ. ಆಮೇಲೆ ನನ್ನ ರೇಡಿಯೋ ಹಾಡು. ಅದು ಮುಗಿದು ಟಕ್ ಅಂದ ಮೇಲೆ ಒಂದೇ ಒಂದು ಸೆಕೆಂಡು ಅವನ ದನಿ: "...ಅಷ್ಟೇ." ಟೇಪ್ ಮುಗಿಯಿತು.

ಮಾರನೇ ದಿನ ಎಂಬಿರಾ ಬಗ್ಗೆ ಎಲ್ಲಾ ಹೇಳಿ ಮುಗಿಸಿದ ಮೇಲೆ ಅವನು ಕೇಳಿದ, "ಕೊನೇದು ಹೇಗಿತ್ತು?"

"ಚೆನ್ನಾಗಿತ್ತು" ಅಂದೆ.

ಅವನು ನನ್ನ ಮುಖವನ್ನೇ ನೋಡಿದ. "ಹ್ಞೂಂ" ಅಂದು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಯಾವುದೋ ಕ್ಯಾಸೆಟ್ ಸುತ್ತಲು ಶುರು ಮಾಡಿದ. ಆಮೇಲೆ ಅವನ ಯಾವ ಕ್ಯಾಸೆಟ್ಟಿನ ಕೊನೆಯಲ್ಲೂ ಏನೂ ಇರಲಿಲ್ಲ. ನಾನು ಪ್ರತಿ ಸಲ ಕೊನೆವರೆಗೂ ಕೇಳಿ ನೋಡಿದ್ದೇನೆ.

ಕಳೆದ ತಿಂಗಳು ಅವನಿಗೆ ಹೇಳಿಬಿಟ್ಟೆ. ಮೆಸೇಜಿನಲ್ಲಿ ಅಲ್ಲ, ಫೋನ್ ಮಾಡಿ. ಅವನು ಜೋರಾಗಿ ನಕ್ಕ. "ಅಯ್ಯೋ, ಅದರಲ್ಲಿ ಏನೂ ಇರಲಿಲ್ಲ ಕಣೇ. ರೆಕಾರ್ಡ್ ಬಟನ್ ಆಫ್ ಮಾಡೋದು ಮರೆತಿದ್ದೆ. ಮೂರು ನಿಮಿಷ ಬರೀ ಫ್ಯಾನ್ ಸದ್ದು. ಇಷ್ಟು ವರ್ಷ ಅದನ್ನ ತಲೇಲಿ ಇಟ್ಕೊಂಡಿದೀಯಾ?"

ನನಗೂ ನಗು ಬಂತು. ಮನಸ್ಸು ಹಗುರಾಯಿತು ಅಂತ ಫೋನ್ ಇಟ್ಟೆ. ರಾತ್ರಿ ಕಪಾಟಿನಿಂದ ಆ ಕ್ಯಾಸೆಟ್ ತೆಗೆದೆ. ಟೇಪ್ ರೆಕಾರ್ಡರ್ ಇನ್ನೂ ಓಡುತ್ತದೆ, ಬೆಲ್ಟ್ ಬದಲಾಯಿಸಿದ್ದೇನೆ. ರೇಡಿಯೋ ಹಾಡು ಮುಗಿಯಿತು, ಟಕ್, "...ಅಷ್ಟೇ". ಪೆನ್ಸಿಲ್ ತುರುಕಿ ಎರಡು ಸುತ್ತು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಹೆಡ್‌ಫೋನ್ ಹಾಕಿಕೊಂಡು ಇನ್ನೊಂದು ಸಲ. ಅವನ ದನಿ ಇದೆ, ಅದರ ಹಿಂದೆ ಟೇಪಿನ ಸುಯ್ಯ್ ಇದೆ. ಫ್ಯಾನ್ ಸದ್ದಂತೂ ಇಲ್ಲ.